ಬೆರಳಿಗೂ ಜಾಗ ಬೇಕಲ್ಲ

ಬೀದಿದೀಪ ಇನ್ನೂ ಆರಿಲ್ಲ. ಮೂರು ಅಂತಸ್ತಿನ ಕಟ್ಟಡದ ಗೇಟಿನ ಮುಂದೆ ಆಗಲೇ ಜನ ಸಾಲು ನಿಂತಿದ್ದಾರೆ. ಯಾರೂ ಯಾರ ಮುಖವನ್ನೂ ನೇರವಾಗಿ ನೋಡುವುದಿಲ್ಲ. ನೋಡಿದರೆ ಎದುರಿನವರ ಕಷ್ಟ ತಮ್ಮದಕ್ಕಿಂತ ದೊಡ್ಡದೆಂದು ಗೊತ್ತಾಗಿಬಿಟ್ಟೀತೆಂಬ ಅಂಜಿಕೆ. ನೆಲಮಹಡಿಯ ಮನೆ ನಿನ್ನೆ ಸಂಜೆಯಷ್ಟೇ ಖಾಲಿಯಾಗಿದೆ. ಬೆಳಗಾಗುವುದರೊಳಗೆ ಸುದ್ದಿ ಊರೆಲ್ಲ ಸುತ್ತಿ ಬಂದಿದೆ. ಸಾಲಿನ ಎರಡನೆಯ ಜಾಗದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಂಕುಳಲ್ಲಿ ಕೋಲೊಂದನ್ನು ಇರುಕಿಕೊಂಡು ನಿಂತಿದ್ದಾರೆ. ಕೋಲಿನ ಎರಡೂ ತುದಿಗೆ ಹಳೆಯ ಬಟ್ಟೆ ಸುತ್ತಿದೆ.

"ಅದೇನಕ್ಕ, ನಾಯಿ ಓಡಿಸೋಕಾ?" ಮುಂದೆ ನಿಂತ ಯುವಕ ಕೇಳುತ್ತಾನೆ. ತಲೆಯ ಮೇಲಿನ ಹೆಲ್ಮೆಟ್ ತೆಗೆಯುವಷ್ಟೂ ಅವನಿಗೆ ಪುರುಸೊತ್ತಿಲ್ಲ.

"ಅಲ್ಲಪ್ಪ, ಮುಂದೆ ನಿಂತೋರನ್ನ ಓಡಿಸೋಕೆ."

ಸಾಲಿನಲ್ಲಿ ಸಣ್ಣ ನಗು ಎದ್ದು, ಗೇಟಿನ ಚಿಲಕ ಸದ್ದಾದ ಕೂಡಲೇ ಅಡಗಿಹೋಗುತ್ತದೆ. ಚಿಲಕ ಅಲುಗಿಸಿದ್ದು ಗಾಳಿ.

ಮನೆ ಹುಡುಕುವವರ ನಡುವೆ ಈಕೆಯ ಹೆಸರು ಕೋಲಕ್ಕ. ಬೇರೆ ಊರಿನಿಂದ ಇಲ್ಲಿಗೆ ಬರಲಿರುವವರ ಬದಲಿಗೆ ಹೋಗಿ ಮನೆ ನೋಡುವುದು ಇವರ ಕೆಲಸ. ಏಳು ಸಮುದ್ರ ದಾಟಿ ರಾಜಕುಮಾರಿಯನ್ನು ಕಂಡು ಬಂದು, ರಾಜಕುಮಾರನ ಕಿವಿಯಲ್ಲಿ ಇದ್ದದ್ದನ್ನು ಇದ್ದಹಾಗೆ ಉಸುರುವ ಗಿಳಿ ಅಜ್ಜಿಯರ ಕಥೆಗಳಲ್ಲಿ ಇರುತ್ತದಲ್ಲ, ಅದರ ಹಾಗೆ. ಕಥೆಯ ಗಿಳಿಗೆ ಸಾಲಿನಲ್ಲಿ ನಿಲ್ಲುವ ಪಾಡಿರಲಿಲ್ಲ, ಅಷ್ಟೇ ವ್ಯತ್ಯಾಸ. ದಿನಕ್ಕೆ ನಾಲ್ಕೈದು ಮನೆ. ಒಳಗೆ ಕಾಲಿಟ್ಟವರೇ ನಲ್ಲಿಗಳನ್ನೆಲ್ಲ ಒಟ್ಟಿಗೇ ತಿರುಗಿಸುತ್ತಾರೆ, ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಾರೆ, ಆಮೇಲೆ ಬರೀ ನೆಲದ ಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ. ಆ ಮನೆಯಲ್ಲಿ ಏನೇನು ಕೇಳಿಸುತ್ತದೆ ಎಂಬುದೂ ವರದಿಯಲ್ಲಿ ಸೇರಬೇಕು.

"ಹೂಂ ಅಂದ್ರೂ ಅಷ್ಟೇ ಕೂಲಿ, ಊಹೂಂ ಅಂದ್ರೂ ಅಷ್ಟೇ," ಎನ್ನುತ್ತಾರೆ. "ಇಲ್ಲಾಂದ್ರೆ ನನ್ನ ಕಣ್ಣು ನನಗೇ ಸುಳ್ಳು ಹೇಳೋಕೆ ಶುರುಮಾಡುತ್ತೆ."

ಈ ಕೆಲಸ ಹಿಡಿಯುವುದಕ್ಕೂ ಒಂದು ಕಿಟಕಿಯೇ ಕಾರಣ. ಮದುವೆಯಾದ ಹೊಸದರಲ್ಲಿ, ಗಂಡನಿಗೆ ಇಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಾಗ, ಅವರು ಒಂದೇ ಒಂದು ಫೋಟೊ ನೋಡಿ ಮನೆ ಹಿಡಿದಿದ್ದರು. ಫೋಟೊದಲ್ಲಿ ದೊಡ್ಡ ಕಿಟಕಿ, ಅದರ ಮೇಲೆ ಹೂವಿನ ಪರದೆ. ಸಾಮಾನು ಇಳಿಸಿ ಪರದೆ ಸರಿಸಿದರೆ ಎದುರಿಗೆ ಗೋಡೆ, ಕೈ ಚಾಚಿದರೆ ಅಂಗೈಗೆ ತಾಗುವಷ್ಟು ಹತ್ತಿರ. ಮೊದಲ ಮಗು ಆ ಮನೆಯಲ್ಲಿ ಹಗಲನ್ನೂ ಬಲ್ಬಿನ ಬೆಳಕಿನಲ್ಲೇ ಕಂಡಿತು. "ಮಗಳನ್ನ ಮೊದಲ ಸಲ ಬಿಸಿಲಿಗೆ ಕರ್ಕೊಂಡು ಬಂದಾಗ ಕಣ್ಣು ಕಿವುಚಿಕೊಂಡು ಅತ್ತಳು. ಯಾರಾದ್ರೂ ಒಬ್ರು ಮುಂಚೆ ಹೋಗಿ ಆ ಪರದೆ ಸರಿಸಿದ್ರೆ ಸಾಕಿತ್ತು, ಅಷ್ಟೇ ಅಲ್ವಾ?"

ಅಂದಿನಿಂದ ಪರದೆ ಸರಿಸುತ್ತಲೇ ಇದ್ದಾರೆ.

ಇವತ್ತು ಕೋಲಕ್ಕ ನಿಂತಿರುವುದು ಒಬ್ಬ ಟೀಚರಮ್ಮ ಮತ್ತು ಆಕೆಯ ತಾಯಿಗಾಗಿ. ಟೀಚರಮ್ಮನಿಗೆ ಇಲ್ಲಿನ ಶಾಲೆಯಲ್ಲಿ ಕೆಲಸವಾಗಿದೆ, ಸೋಮವಾರ ಸೇರಬೇಕು. ಅಲ್ಲಿನ ಮನೆ ಬಿಡುವುದಾಗಿ ಹೇಳಿಯಾಗಿದೆ, ಸಾಮಾನೆಲ್ಲ ಪೆಟ್ಟಿಗೆ ಸೇರಿದೆ. ತಾಯಿ ಗಾಲಿಕುರ್ಚಿಯಲ್ಲಿ ಓಡಾಡುವವರು. ಅಡ್ಡಾಡಲು ಅವರಿಗೆ ಯಾರ ನೆರವೂ ಬೇಡ. ಎರಡೂ ಕೈಯಿಂದ ಚಕ್ರ ತಿರುಗಿಸಿಕೊಂಡು ಮನೆಯೆಲ್ಲ ಸುತ್ತುತ್ತಾರೆ. ಆದರೆ ಬಾಗಿಲುಗಳಿಗೆ ಅವರು ಬೇಡ. ಇಲ್ಲಿಯವರೆಗೆ ನೋಡಿದ ಮನೆಗಳಲ್ಲಿ ಕೆಲವಕ್ಕೆ ಮೆಟ್ಟಿಲು, ಕೆಲವಕ್ಕೆ ಎತ್ತರದ ಹೊಸ್ತಿಲು. ಒಂದೆರಡು ಸರಿಯಿದ್ದವು, ಆದರೆ ಕೋಲಕ್ಕ ಅಳೆದು ಮುಗಿಸುವಷ್ಟರಲ್ಲಿ ಬೇರೆಯವರ ಪಾಲಾದವು. ಈ ಮನೆಯೂ ಕೈತಪ್ಪಿದರೆ ತಾಯಿಯನ್ನು ವೃದ್ಧಾಶ್ರಮದಲ್ಲಿ ಬಿಟ್ಟು ಮಗಳೊಬ್ಬಳೇ ಬರಬೇಕು. ತಾತ್ಕಾಲಿಕವಾಗಿ ಮಾತ್ರ ಎನ್ನುತ್ತಾಳೆ ಮಗಳು. ಆ ಮಾತು ಬಂದಾಗಲೆಲ್ಲ ತಾಯಿ ಚಕ್ರ ತಿರುಗಿಸಿಕೊಂಡು ಬೇರೆ ಕೋಣೆಗೆ ಹೋಗುತ್ತಾರೆ.

ಕೋಲು ಆ ಕುರ್ಚಿಯ ಅಗಲಕ್ಕೆ ಕತ್ತರಿಸಿದ್ದು. ಬಟ್ಟೆ ಯಾಕೆಂದರೆ, ಹಿಂದೊಮ್ಮೆ ಬರೀ ಕೋಲು ಹಿಡಿದು ಅಳೆದ ಮನೆಯಲ್ಲಿ ಕುರ್ಚಿಯೇನೋ ಸಲೀಸಾಗಿ ಒಳಗೆ ಹೋಯಿತು, ಆದರೆ ಅದರಲ್ಲಿ ಕೂತಿದ್ದ ತಾತನೊಬ್ಬರ, ಚಕ್ರದ ಮೇಲಿದ್ದ ಬೆರಳ ಗಂಟುಗಳು ಚೌಕಟ್ಟಿಗೆ ಉಜ್ಜಿ ಕಿತ್ತುಹೋದವು. "ಎಲ್ಲರೂ ಕುರ್ಚಿ ಅಳೀತಾರೆ. ಬೆರಳಿಗೂ ಜಾಗ ಬೇಕಲ್ಲ."

ಗೇಟು ತೆರೆಯುತ್ತದೆ. ಮನೆಯೊಡತಿ ಬೀಗದ ಕೈ ಗೊಂಚಲನ್ನು ಕೈಯಲ್ಲಿ ಕುಣಿಸುತ್ತ ಒಂದೇ ಮಾತು ಹೇಳುತ್ತಾರೆ. "ನೋಡ್ರಪ್ಪ, ಮೊದಲು ಹೂಂ ಅಂದೋರಿಗೆ ಮನೆ. ಆದ್ರೆ ಹೂಂ ಅನ್ನಬೇಕಾದ್ದು ನೀವೊಬ್ರೇ ಅಲ್ಲ, ಒಳಗೆ ಬಾಳೋರೂ. ಫೋನ್ ಹಚ್ಚಿ ನನ್ನ ಕಿವಿಗೆ ಕೇಳಿಸಿ. ಹೋದ ಸಲ ಗಂಡ ಒಪ್ಪಿದ್ದ, ಹೆಂಡ್ತಿ ಬಂದು ವಾರಗಟ್ಟಲೆ ನನ್ನ ಮೆಟ್ಟಿಲ ಮೇಲೆ ಕೂತು ಅತ್ತಳು."

ಜನ ನುಗ್ಗುತ್ತಾರೆ. ಕೋಲಕ್ಕ ಇವತ್ತು ನಲ್ಲಿ ಮುಟ್ಟುವುದಿಲ್ಲ, ಕಿಟಕಿ ನೋಡುವುದಿಲ್ಲ. ಟೀಚರಮ್ಮನಿಗೆ ಹಚ್ಚಿದ ಫೋನನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡು ನೇರ ಬಚ್ಚಲಿಗೆ ನಡೆಯುತ್ತಾರೆ. ಕೋಲು ಮುಂಬಾಗಿಲು ದಾಟಿತು. ಕೋಣೆಯ ಬಾಗಿಲು ದಾಟಿತು. ಬಚ್ಚಲಿನ ಹೊಸ್ತಿಲನ್ನು ಕಾಲ್ಬೆರಳಿನಿಂದ ಸವರುತ್ತಾರೆ, ಸಮತಟ್ಟು. ಕೋಲನ್ನು ಅಡ್ಡ ಹಿಡಿದು ಮುಂದಕ್ಕೆ ತಳ್ಳುತ್ತಾರೆ.

ಠಕ್ ಎಂದು ಕೋಲು ನಿಲ್ಲುತ್ತದೆ.

"ಏನಾಯ್ತು?" ಫೋನಿನಲ್ಲಿ ಟೀಚರಮ್ಮ.

"ತಡೀತಿದೆ ಕಣಮ್ಮ. ಬಟ್ಟೆ ಬಿಚ್ಚಿದ್ರೆ ಹೋಗುತ್ತೆ."

"ಬಿಚ್ಚಿ! ಬಿಚ್ಚಿಬಿಟ್ಟು ಹೂಂ ಅಂದ್ಬಿಡಿ. ನಾನು ಹಿಂದಿನಿಂದ ತಳ್ತೀನಿ, ಅಮ್ಮ ಕೈ ಮಡಿಲಲ್ಲಿ ಇಟ್ಕೋತಾಳೆ."

ಅತ್ತ ಹಜಾರದಲ್ಲಿ ಹೆಲ್ಮೆಟ್ಟಿನ ಯುವಕನ ದನಿ ಗೋಡೆಗೆ ಬಡಿದು ಬರುತ್ತದೆ. "ಆಂಟಿ, ನನಗೆ ಒಪ್ಪಿಗೆ! ಹೆಂಡ್ತಿಗೆ ಫೋನ್ ಹಚ್ತಾ ಇದ್ದೀನಿ, ಕೇಳಿ."

ಕೋಲಕ್ಕನ ಬೆರಳು ಬಟ್ಟೆಯ ಗಂಟಿನ ಮೇಲಿದೆ. ಎಳೆದರೆ ಬಿಚ್ಚಿಕೊಳ್ಳುತ್ತದೆ, ಮನೆ ಸಿಗುತ್ತದೆ. ಆಮೇಲೆ ಬಚ್ಚಲಿಗೆ ಹೋಗಬೇಕೆಂದಾಗಲೆಲ್ಲ ಆ ತಾಯಿ ಶಾಲೆ ಬಿಡುವುದನ್ನೇ ಕಾಯುತ್ತ ಕೂರಬೇಕು.

"ಟೀಚರಮ್ಮ, ಒಳಗೆ ಬಾಳೋರಿಗೆ ಫೋನ್ ಕೊಡಿ."

"ಅಕ್ಕಾ, ಹೊತ್ತಿಲ್ಲ, ನಿಮ್ಮ ದಮ್ಮಯ್ಯ..."

"ಕೊಡಿ ಅಂದೆ."

ತಾಯಿಯ ದನಿ ಬರುತ್ತದೆ, ಇನ್ನೂ ನಿದ್ದೆ ಹರಿಯದಂತಿದ್ದರೂ ನಿಧಾನ, ಗಟ್ಟಿ. "ಏನಮ್ಮಾ, ಕೋಲು ಹೋಗಲ್ವಂತೆ? ಯಾವುದಕ್ಕೆ ತಾಗ್ತಿದೆ, ಗೋಡೆಗಾ, ಬಾಗಿಲಿಗಾ?"

ಕೋಲಕ್ಕ ಬಗ್ಗಿ ನೋಡುತ್ತಾರೆ. ಇಷ್ಟು ಹೊತ್ತು ಅವಸರದಲ್ಲಿ ನೋಡದೆ ಹೋದದ್ದು ಅದನ್ನೇ. ಕೋಲು ಚೌಕಟ್ಟನ್ನು ದಾಟಿದೆ. ಒಳಗೆ ತೆರೆದುಕೊಂಡ ಬಾಗಿಲು ಅಲ್ಲಿನ ಬೇಸಿನ್ನಿಗೆ ತಾಗಿ ಪೂರ್ತಿ ಹಿಂದಕ್ಕೆ ಹೋಗದೆ ನಿಂತಿದೆ. ಕೋಲು ಬಡಿದಿರುವುದು ಆ ಹಲಗೆಯ ದಪ್ಪಕ್ಕೆ.

"ಬಾಗಿಲಿಗೆ ತಾಯಿ!"

"ಹಂಗಾದ್ರೆ ಬಾಗಿಲು ಬೇಡ ನನಗೆ. ಒಂದು ಪರದೆ ಸಾಕು. ಈ ವಯಸ್ಸಲ್ಲಿ ನನ್ನ ಇಣುಕಿ ನೋಡೋಕೆ ಯಾವ ರಾಜ ಬರ್ತಾನೆ? ಬಂದ್ರೆ ಬರಲಿ, ಪಾಪ, ಅವನ ಹಣೆಬರಹ."

ಕೋಲಕ್ಕ ಹಜಾರಕ್ಕೆ ಓಡುತ್ತಾರೆ. ಯುವಕ ಮನೆಯೊಡತಿಯ ಮುಂದೆ ಫೋನ್ ಚಾಚಿ ನಿಂತಿದ್ದಾನೆ. ಅದರೊಳಗಿಂದ ಹೆಣ್ಣುದನಿ ಸ್ಪಷ್ಟವಾಗಿ ಕೇಳುತ್ತದೆ. "ಅಡುಗೆಮನೆ ಕಿಟಕಿ ಯಾವ ಕಡೆಗಿದೆ ರೀ?" ಅವನು ಹೆಲ್ಮೆಟ್ ಮೇಲೇ ತಲೆ ಕೆರೆದುಕೊಳ್ಳುತ್ತಾನೆ. "ಅದು... ಇದೆ." "ಇದೆ ಅಂದ್ರೆ? ಅಡುಗೆಮನೆ ನೋಡಿದ್ರೋ ಇಲ್ವೋ?" ಅವನು ಅಡುಗೆಮನೆ ಹುಡುಕಿಕೊಂಡು ಓಡುತ್ತಾನೆ. ಅವಸರದಲ್ಲಿ ಮೊದಲು ನುಗ್ಗಿದ್ದು ಬಚ್ಚಲಿಗೆ.

ಕೋಲಕ್ಕ ತಮ್ಮ ಫೋನನ್ನು ಮನೆಯೊಡತಿಯ ಕಿವಿಗೆ ಹಿಡಿಯುತ್ತಾರೆ. "ಬಾಳೋರು ಮಾತಾಡ್ತಾರೆ. ಬಚ್ಚಲಿನ ಬಾಗಿಲು ಬಿಚ್ಚಿಟ್ಕೋಬೇಕಂತೆ. ಮನೆ ಬಿಟ್ಟು ಹೋಗುವಾಗ ಹಾಕಿ ಕೊಡ್ತಾರೆ."

"ಬಾಗಿಲು ಬೇಡ ಅನ್ನೋ ಬಾಡಿಗೆದಾರರನ್ನ ಇವತ್ತೇ ನೋಡಿದ್ದು," ಎನ್ನುತ್ತಾರೆ ಮನೆಯೊಡತಿ. ಫೋನಿಗೆ ಕಿವಿಗೊಟ್ಟು ಕೇಳುತ್ತಾರೆ. ಹುಬ್ಬು ಗಂಟಿಕ್ಕುತ್ತದೆ. ಸಾಲಿನಲ್ಲಿದ್ದವರೆಲ್ಲ ಆ ಹುಬ್ಬನ್ನೇ ನೋಡುತ್ತಾರೆ. ಆಮೇಲೆ ಮನೆಯೊಡತಿ ಕಿಸಕ್ಕನೆ ನಗುತ್ತಾರೆ. ರಾಜನ ಮಾತು ಅಲ್ಲೂ ಬಂದಿರಬೇಕು. ಬೀಗದ ಕೈ ಕೋಲಕ್ಕನ ಅಂಗೈಗೆ ಬೀಳುತ್ತದೆ.

ಹೊರಗೆ ಹೋಗುವಾಗ ಯುವಕ ಕೊನೆಗೂ ಹೆಲ್ಮೆಟ್ ತೆಗೆಯುತ್ತಾನೆ. ಒಳಗಿರುವುದು ನಿದ್ದೆಗೆಟ್ಟ, ಇನ್ನೂ ಎಳೆಯ ಮುಖ. "ಅಕ್ಕ, ನಿಮ್ಮ ನಂಬರ್ ಕೊಡಿ. ನಮಗೂ ಒಂದು ನೋಡಿ."

"ಕೊಡ್ತೀನಿ. ಮೊದಲು ನಿನ್ನ ಹೆಂಡ್ತಿ ನಂಬರ್ ಕೊಡು."

ಇಷ್ಟು ವರ್ಷದಲ್ಲಿ ಕೋಲಕ್ಕ ಎಷ್ಟು ಮನೆ ನೋಡಿದ್ದಾರೋ ಲೆಕ್ಕವಿಲ್ಲ. ಆದರೆ ಎಲ್ಲವೂ ಖಾಲಿ. ಮನೆ ಸಿಕ್ಕವರು ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಮನೆ ನೋಡಿಕೊಟ್ಟವರನ್ನು ಮರೆಯುತ್ತಾರೆ. ಅದು ಸಹಜ ಎನ್ನುತ್ತಾರೆ ಕೋಲಕ್ಕ, ಅವರಿಗೆ ಬೇಸರವಿಲ್ಲ. "ಒಂದೇ ಆಸೆ. ನಾನು ನೋಡಿದ ಯಾವುದಾದ್ರೂ ಮನೇಲಿ ಪಾತ್ರೆ ಸದ್ದಾಗೋದು ಕೇಳ್ಬೇಕು, ಹಗ್ಗದ ಮೇಲೆ ಬಟ್ಟೆ ಒಣಗೋದು ನೋಡ್ಬೇಕು. ಖಾಲಿ ಮನೆಗಳದ್ದೆಲ್ಲ ಒಂದೇ ವಾಸನೆ, ಸುಣ್ಣದ್ದು."

ಭಾನುವಾರ ಮಧ್ಯಾಹ್ನ ಫೋನ್ ಬರುತ್ತದೆ. "ಕೋಲು ತಗೊಂಡು ಬಾರಮ್ಮ," ಎನ್ನುತ್ತದೆ ಆ ನಿಧಾನದ ದನಿ.

ಹಜಾರದಲ್ಲಿ ಅರ್ಧ ಬಿಚ್ಚಿದ ಪೆಟ್ಟಿಗೆಗಳು, ಕಿಟಕಿಯ ಸರಳಿಗೆ ನೇತುಹಾಕಿದ ಒದ್ದೆ ಟವೆಲ್ಲು, ಒಲೆಯ ಮೇಲೆ ಕುದಿಯುವ ಹಾಲು. ಬಚ್ಚಲಿನ ಬಾಗಿಲನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಟೀಚರಮ್ಮ ಹೊಸ ಪರದೆ ಹಿಡಿದು ನಿಂತಿದ್ದಾಳೆ, ಅದನ್ನು ತೂಗುಹಾಕಲು ಸರಳು ತರುವುದು ಮರೆತಿದೆ. ಕೋಲಕ್ಕ ಕಂಕುಳಿನಿಂದ ಕೋಲು ತೆಗೆದು ಪರದೆಯೊಳಗೆ ತೂರಿಸಿ, ಚೌಕಟ್ಟಿನ ಮೇಲ್ಭಾಗದಲ್ಲಿ ಆಗಲೇ ಹೊಡೆದಿದ್ದ ಎರಡು ಮೊಳೆಗಳ ಮೇಲೆ ಕೂರಿಸುತ್ತಾರೆ. ತುದಿಗಳಿಗೆ ಸುತ್ತಿದ ಬಟ್ಟೆ ಎರಡೂ ಕಡೆ ಮರಕ್ಕೆ ತಾಗಿ ಕೋಲು ಜಾರದಂತೆ ತಡೆಯುತ್ತದೆ.

ತಾಯಿ ಚಕ್ರಗಳ ಮೇಲೆ ಎರಡೂ ಕೈ ಇಟ್ಟು ಹೊರಡುತ್ತಾರೆ. ಮಗಳು ತಳ್ಳಲು ಮುಂದಾಗುತ್ತಾಳೆ, ಅವರು ಮೊಣಕೈಯಿಂದ ಅವಳನ್ನು ಅತ್ತ ಸರಿಸುತ್ತಾರೆ. ಕುರ್ಚಿ ಚೌಕಟ್ಟಿನೊಳಗೆ ಹೋಗುತ್ತದೆ. ಬೆರಳುಗಳೂ ಹೋಗುತ್ತವೆ. ಪರದೆ ಹಿಂದಿನಿಂದ ಮುಚ್ಚಿಕೊಳ್ಳುತ್ತದೆ.

"ಯಾರೂ ಇಣುಕಬೇಡಿ," ಒಳಗಿನಿಂದ ಕೂಗು ಬರುತ್ತದೆ. "ರಾಜ ಬಂದ್ರೆ ಕೂರಿಸಿ, ಹಾಲು ಕೊಡಿ."

ಕೋಲಕ್ಕ ಬರಿಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ನಾಳೆಗೆ ಬೇರೆ ಕೋಲು ಕತ್ತರಿಸ್ಬೇಕು," ಎನ್ನುತ್ತಾರೆ. "ಇದಕ್ಕೆ ಮನೆ ಸಿಕ್ಕಿತು."