ಡಾಂಬರ್ ಡ್ರಮ್ಮಿನ ತ್ಯಾಪಿ

ಆ ವ್ಯಾನು ನಮ್ಮ ಮನಿ ಮುಂದ ಬಂದು ನಿಂತ ದಿನ ಓಣಿ ಮಂದಿ ಹಲ್ಲು ಕಿಸಿದು ನಕ್ಕಿದ್ದು ಇವತ್ತಿಗೂ ನೆನಪೈತಿ. ಹೂವಿನ ಹಿಪ್ಪರಗಿಯ ಒಬ್ಬ ಸಾದಾ ಟೇಲರ್ ನಾನು. ಪಡಸಾಲಿಯೊಳಗ ಒಂದು ಮಶಿನ್, ಒಂದು ಕತ್ರಿ, ಗ್ವಾಡಿಗೆ ತೂಗಹಾಕಿದ ನಾಕು ಅಂಗಿ, ಇಷ್ಟ ನನ್ನ ದೌಲತ್ತು. ಅಂಥವನು ಬ್ರಿಟಿಷರ ಕಾಲದ ಮೋಟಾರು ತಂದರ ಮಂದಿ ನಗದ ಬಿಡ್ತಾರ? "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ" ಅಂದ್ರು ಒಬ್ಬರು. ಇನ್ನೊಬ್ಬರು, "ಯಾಕೋ, ಇದಕ್ಕೂ ಅಂಗಿ ಹೊಲಿತಿಯೇನು?" ಅಂದ್ರು. ನಾನು ವ್ಯಾನಿನ ಬಾಗಲ ಹಾಕಿ ಮನಿಯೊಳಗ ನಡೆದೆ. ಅಲ್ಲೇ ನಿಂತಿದ್ದರ ಜಗಳಾನ ಆಗ್ತಿತ್ತು. ಆಗ ನನ್ನ ಸಿಟ್ಟು ಸದಾ ಮೂಗಿನ ತುದಿ ಮ್ಯಾಲ ಇರ್ತಿತ್ತು.

ವ್ಯಾನು ಯಾಕ ತಂದೆ ಅನ್ನೂದು ನಮ್ಮ ಮನಿಯ ಮೂರು ಮಂದಿಗೆ ಚಲೋ ಗೊತ್ತಿತ್ತು: ನನಗ, ನನ್ನ ಹೆಂಡತಿಗೆ, ನಮ್ಮವ್ವಗ. ಮೂರು ವರ್ಷದ ಹಿಂದ ನಮ್ಮ ಚೊಚ್ಚಲ ಕೂಸು ದಾರಿಯೊಳಗ ತೀರಿಕೊಂಡಿತ್ತು. ಕುಬಸದ ಕಾರ್ಯ ಮುಗಿದಿತ್ತು, ಬಸರಿ ಹೆಂಗಸನ್ನ ತವರಿಗೆ, ಅಗರಖೇಡಕ್ಕ, ಕಳಸಾಕ ಇನ್ನ ಎಂಟು ದಿನ ಇತ್ತು. ಅಷ್ಟರಾಗ ಒಂದು ಮಧ್ಯಾಹ್ನ ಆಕಿ ಬಾಗಲ ಹಿಡಕೊಂಡು ನಿಂತು, "ಯಾಕೋ ಬ್ಯಾನಿ ಸುರು ಆದಂಗ ಐತ್ರಿ" ಅಂದ್ಲು. ನಾನು ಮುದ್ದೇಬಿಹಾಳ ಕಡೆಯವರ ಮದಿವಿ ಅರಬಿ ಹೊಲ್ಯಾಕತ್ತಿದ್ದೆ; ಸಂಜಿಗೆ ಅವರು ಒಯ್ಯಾಕ ಬರೂದಿತ್ತು. "ತಡಿ, ಇನ್ನ ಎರಡ ಗುಂಡಿ ಉಳದಾವ" ಅಂದೆ. ಗುಂಡಿ ಹಚ್ಚಿ, ನೂಲು ಕಡಿದು, ಇಸ್ತ್ರಿ ಮಾಡಿ ಏಳೂದರಾಗ, ದವಾಖಾನಿ ಇದ್ದ ಬಾಗೇವಾಡಿಯ ಬಸ್ಸು ಹೋಗಿಬಿಟ್ಟಿತ್ತು. ಚಕ್ಕಡಿ ಹೂಡಿ ಅಡ್ಡದಾರಿ ಹಿಡಿದ್ವಿ. ಮಳಿ ಬಿದ್ದ ಎರಿ ನೆಲ, ಗಾಲಿ ಹುಗಿದು ಹೋತು. ಎತ್ತು ಜಗ್ಗಿದ್ವು, ನಾನು ಹಿಂದಿನಿಂದ ನೂಕಿದೆ. ದವಾಖಾನಿ ಮುಟ್ಟೂದರಾಗ ಎಲ್ಲಾ ಮುಗಿದಿತ್ತು. ಆಕಿ ಉಳದ್ಲು, ಅದ ದೊಡ್ಡದು.

ಆ ಗುಂಡಿ ಮಾತು ನಾನು ಮತ್ತ ಎತ್ತಲಿಲ್ಲ. ಆಕೀನೂ ಎತ್ತಲಿಲ್ಲ. ಒಮ್ಮಿ ಬಾಯಿಗೆ ಬಂದಂಗ ಬೈದಿದ್ದರ ನಾನು ಹಗರ ಆಗ್ತಿದ್ದೆನೋ ಏನೋ. ಬೈಯಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಪಲ್ಯ ನೀಡಿ, ನಾನು ಉಣ್ಣೂತನಕ ಅತ್ತಾಗ ಮಾರಿ ಮಾಡಿ ಕೂಡ್ತಿದ್ಲು. ಒಂದ ಮನಿಯೊಳಗ ಇದ್ದು ಮೂರು ವರ್ಷ ನಾವಿಬ್ಬರೂ ಆ ಕೂಸಿನ ಹೆಸರು ತಗೀದ ಬದುಕಿದ್ವಿ.

ಆಕಿಗೆ ಮತ್ತ ದಿನ ನಿಂತಾಗ ನನ್ನ ನಿದ್ದಿ ಹೋತು. "ಈ ಸಲ ತವರಿಗೆ ಹೋಗೂದಿಲ್ರಿ, ಅಲ್ಲಿಂದ ದವಾಖಾನಿ ಇನ್ನೂ ದೂರ" ಅಂತ ಆಕೀನ ಅಂದ್ಲು. ಬಸ್ಸನ್ನೂ ನಂಬೂದಿಲ್ಲ, ಎತ್ತನ್ನೂ ನಂಬೂದಿಲ್ಲ ಅಂತ ನಾನು ಹಟ ಹಿಡಿದೆ. ಸಿಂದಗಿಯೊಳಗ ಒಬ್ಬ ಹತ್ತಿ ವ್ಯಾಪಾರಿಯ ಹಿತ್ತಲದಾಗ, ಬೇವಿನ ಗಿಡದ ಕೆಳಗ, ಈ ವ್ಯಾನು ನಿಂತಿತ್ತು. ಒಳಗ ಕೋಳಿ ತತ್ತಿ ಇಟ್ಟಿದ್ವು. ಆದರ ಹ್ಯಾಂಡಲ್ ಹಾಕಿ ತಿರುವಿದರ ಇಂಜಿನ್ ಮೂರನೇ ಸುತ್ತಿಗೆ ಎದ್ದಿತು. ಅವರ ಮುದುಕ ಡ್ರೈವರ್ ನಾಕು ದಿನ ಮಗ್ಗಲಕ್ಕ ಕೂತು, ಬೈದು ಬೈದು ನನಗ ಗಾಡಿ ಹೊಡಿಯೂದು ಕಲಿಸಿದ. ಬರೂ ಮುಂದ ಒಂದು ಮಾತು ಹೇಳಿದ: "ಜೀವ ಗಟ್ಟಿ ಐತಪಾ ಇದರದು. ಮೈ ಅಷ್ಟ ಕೊಳತೈತಿ."

ಎಷ್ಟು ಕೊಳತೈತಿ ಅನ್ನೂದು ಮನಿಗೆ ತಂದು ಒಳಗಿನ ಗೋಣಿತಟ್ಟು ಎತ್ತಿದ ಮ್ಯಾಲ ಗೊತ್ತಾತು. ನೆಲದ ತಗಡಿಗೆ ಜಂಗು ಹಿಡಿದು ಜರಡಿ ಆಗಿತ್ತು. ಒಳಗ ನಿಂತರ ಕೆಳಗಿನ ಮಣ್ಣು ಕಾಣ್ತಿತ್ತು. ಎರಡೂ ಮಗ್ಗಲಿನ ಬಾಗಲದ ಕೆಳಗಿನ ಅಂಚು ಬೆರಳಿಂದ ಒತ್ತಿದರ ಕೆಂಪು ಪುಡಿ ಉದುರತಿತ್ತು. ಗ್ಯಾಸಿನ ಬೆಸುಗಿ ಹಾಕಿಸಬೇಕಂದ್ರ ಬಿಜಾಪುರಕ್ಕ ಒಯ್ಯಬೇಕು. ಊರ ಕಂಬಾರನ್ನ ಕೇಳಿದರ, "ಹಿಂಗಾರಿ ಬಿತ್ತಿಗಿ ಹತ್ತರ ಬಂದೈತಿ, ಕೂರಿಗಿ ಕೆಲಸ ಬಿಟ್ಟು ನಿನ್ನ ಡಬ್ಬಿ ರಿಪೇರಿ ಮಾಡ್ಲೇನು?" ಅಂದ. ಅವನದೂ ಖರೇನ. ಎರಡು ಉಳಿ, ಒಂದು ಸುತ್ತಿಗಿ, ತಗಡು ಕತ್ತರಿಸೂ ಒಂದು ದಪ್ಪ ಕತ್ರಿ ಕೊಟ್ಟು ಕಳಿಸಿದ.

ಹಂಗಾದ್ರ ನಾನ ಮಾಡ್ತೇನಿ ಅಂದೆ. ಅರಬಿ ಆದರೇನು, ತಗಡು ಆದರೇನು, ತೂತು ತೂತ. ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರ್ ಡ್ರಮ್ ಒಂದು ಹುಡುಕಿ ತಂದೆ. ಒಳಗಿನ ಡಾಂಬರಿಗೆ ಬೆಂಕಿ ಹಚ್ಚಿ ಸುಟ್ಟು, ಸೀಳಿ, ಕಲ್ಲಿನ ಮ್ಯಾಲ ಬಡಿದು ಸಪಾಟ ಮಾಡಿದೆ. ತೂತಿನ ಅಳತಿಗೆ ಕಾಗದ ಕತ್ತರಿಸಿ, ಅದನ್ನ ತಗಡಿನ ಮ್ಯಾಲ ಇಟ್ಟು ಸೀಮಿಸುಣ್ಣದಿಂದ ಗೀರು ಎಳೆದೆ, ಜಂಪರ್ ಕತ್ತರಿಸೂ ಮುಂದ ಎಳಿತೇವಲ್ಲ ಹಂಗ. ಸುತ್ತಲೂ ಒಂದು ಬೆರಳಿನಷ್ಟು ಅಂಚು ಬಿಟ್ಟು ಕತ್ತರಿಸಿ, ತೂತಿನ ಮ್ಯಾಲ ಇಟ್ಟು, ಎರಡೂ ತಗಡು ಕಚ್ಚಿ ಹಿಡಿಯೂ ರಿಬೀಟು ಮೊಳಿ ಬಡಿದು ಕೂಡಿಸಿದೆ. ಮ್ಯಾಲೊಂದು ಕೆಂಪು ಬಣ್ಣ ಬಳಿದೆ. ಭಾಳ ಚಂದ ಕಂಡಿತು. ಇಡೀ ದಿನ ನನ್ನ ಕೆಲಸ ನಾನ ನೋಡಿಕೋತ ಬೀಗಿದೆ.

ಮರುದಿನ ಬಾಗೇವಾಡಿ ಖಡಿ ರಸ್ತೆಯೊಳಗ ಸ್ವಲ್ಪ ದೂರ ಹೊಡಕೊಂಡು ಹೋದೆ. ಹಿಂದಿನಿಂದ ಧಡ್ ಧಡ್ ಸಪ್ಪಳ ಸುರು ಆತು. ತಿರುಗಿ ನೋಡಿದರ ನನ್ನ ಚಂದದ ತ್ಯಾಪಿ ರಸ್ತೆ ನಡುವ ಬಿದ್ದಿತ್ತು. ಬರೇ ತ್ಯಾಪಿ ಅಲ್ಲ, ಅದಕ್ಕ ಅಂಟಿದ್ದ ಹಳೆ ತಗಡಿನ ಅಂಚೂ ಕಿತ್ತಿತ್ತು. ಅಂಗೈಯಷ್ಟಿದ್ದ ತೂತು ಮೊರದಷ್ಟಾಗಿತ್ತು. ಮನಿಗೆ ಬಂದು ಸುತ್ತಿಗಿ ಒಗೆದು, "ಗುಜರಿಗೆ ಹೋಗ್ಲಿ ಹಾಳಾಗಿ!" ಅಂತ ಒದರಿದೆ.

ಹೆಂಡತಿ ಹೊಟ್ಟಿ ಹಿಡಕೊಂಡು ಮೆಲ್ಲಗ ಬಂದು, ತೂತಿನ ಅಂಚು ಮುಟ್ಟಿ ನೋಡಿದ್ಲು. ಕೆಂಪು ಪುಡಿ ಬೆರಳಿಗೆ ಹತ್ತಿತು.

"ಅಲ್ರಿ, ಲಡ್ಡಾಗಿ ಸವದ ಅರಬಿ ಮ್ಯಾಲ ತ್ಯಾಪಿ ಹಚ್ಚಿದ್ರ ದಾರ ಏನ ಹಿಡಿಬೇಕ್ರಿ? ಮಂದಿ ಹರಕ ಧೋತರ ತಂದ್ರ ಏನ ಹೇಳ್ತೀರಿ ನೀವು?"

"ಹಳೇದು ಗಟ್ಟಿ ಸಿಗೂತನಕ ಕತ್ತರಿಸಿ ತಗೀಬೇಕು ಅಂತೇನಿ" ಅಂದೆ. ಅನ್ನೂದರಾಗ ನನಗ ನಾಚಿಕಿ ಬಂತು. ಇಪ್ಪತ್ತು ವರ್ಷ ಅರಬಿ ಹೊಲಿದವನು ನಾನು! ದೊಡ್ಡ ತೂತಿಗೆ ಅಂಜಿ, ಸಣ್ಣದರ ಮ್ಯಾಲ ಮುಚ್ಚಳ ಹಾಕಿದ್ದೆ. ಕಂಬಾರಗ ಇದು ಗೊತ್ತಿರದಿದ್ರ ಬ್ಯಾರೆ ಮಾತು, ಟೇಲರ್ ಮಾಡೂ ತಪ್ಪಲ್ಲ ಇದು.

"ಮತ್ತ ಕತ್ತರಸ್ರಿ" ಅಂದ್ಲು.

ಕತ್ತರಿಸಾಕ ಕುಂತೆ. ಸುತ್ತಿಗಿಯಿಂದ ಮೆಲ್ಲಗ ಬಡಿದು ಕಿವಿಗೊಟ್ಟರ ಗಟ್ಟಿ ತಗಡು ಠಣ್ ಅಂತಿತ್ತು, ಕೊಳೆತದ್ದು ಬದ್ ಅಂತಿತ್ತು. ಬದ್ ಅಂದದ್ದೆಲ್ಲಾ ಗೀರು ಹಾಕಿ ಉಳಿಯಿಂದ ಕಡಿದು ತೆಗೆದೆ. ಉಳಿದದ್ದಕ್ಕ ಚಿಮಣಿ ಎಣ್ಣಿ ಸವರಿ, ಕಲ್ಲಿಂದ ತಿಕ್ಕಿ ತಿಕ್ಕಿ ಬಿಳಿ ಲೋಹ ಕಾಣೂತನಕ ಬಿಡಲಿಲ್ಲ. ನೆಲದ ಅರ್ಧಕ್ಕರ್ಧ ಹೋತು. ಓಣಿ ಮಂದಿ, "ಇನ್ನ ಗಾಲಿ ಅಷ್ಟ ಉಳಿತಾವು ನೋಡು" ಅಂದ್ರು. ಅಂದ್ರ ಅಂದ್ರು. ಒಂದೊಂದ ಹೊಸ ತಗಡು ಕೂಡಿಸಿಕೋತ ಬಂದೆ. ರಿಬೀಟಿನ ತಲಿ ಮ್ಯಾಲ ತಕ್ಕಡಿಯ ಕಬ್ಬಿಣದ ತೂಕ ಅದುಮಿ ಹಿಡಕೊಂಡು ಆಕಿ ಒಳಗ ಕೂಡ್ತಿದ್ಲು, ನಾನು ಗಾಡಿ ಕೆಳಗ ಅಂಗಾತ ಮಕ್ಕೊಂಡು ಬಡಿತಿದ್ದೆ. ಏಳು ತಿಂಗಳ ಬಸರಿ ಕೈಯಾಗ ಇಂಥಾ ಕೆಲಸ ಮಾಡಸ್ತಿಯಲ್ಲೋ ಅಂತ ಅವ್ವ ಬೈಯಾಕಿ. "ಕುಂತ ಕೆಲಸ ಐತಿ ಬಿಡ್ರಿ ಅತ್ತಿ" ಅಂತ ಆಕೀನ ಸುಮ್ಮನ ಮಾಡಸಾಕಿ. ಆಗ ನಾವಿಬ್ಬರೂ ಮಾತಾಡ್ತಿದ್ದದ್ದು ಬರೇ ತಗಡಿನ ಮಾತು. ಇಲ್ಲಿ ಹಿಡಿ, ಸರಿಸು, ಆತೇನು, ಆತ್ರಿ. ಆದರೂ ಮಾತು.

ಹಿಂಗ ಎರಡು ತಿಂಗಳು ದುಡಿದು ನವರಾತ್ರಿ ಬರೂದರಾಗ ಒಂದ ತಗಡು ಉಳಿದಿತ್ತು, ಹಿಂದಿನ ಬಾಗಲಿನ ಹತ್ತರ. ತಗಡು ಕತ್ತರಿಸಿ, ತೂತು ಹೊಡೆದು ಇಟ್ಟಿದ್ದೆ. ಎಂಟು ರಿಬೀಟಿನ ಕೆಲಸ. ಮಹಾನವಮಿ ಹಿಂದಿನ ದಿನ ಸಂಜಿಮುಂದ ಅವ್ವ ಬಂದು ಸುತ್ತಿಗಿ, ಉಳಿ, ಎರಡೂ ಕತ್ರಿ, ತಕ್ಕಡಿ ತೂಕ, ಎಲ್ಲಾ ಬಳಕೊಂಡು ಹೋದ್ಲು. ಖಂಡೇ ಪೂಜಿಗೆ. ನಮ್ಮ ಕಡೆ ಅನ್ನ ಕೊಡೂ ಹತಾರಕ್ಕ ಆ ದಿನ ಪೂಜಿ. ಜಗಲಿ ಮುಂದ ಇಟ್ಟ ಮ್ಯಾಲ ಮರುದಿನ ದಶಮಿಗೆ ಬನ್ನಿ ಮುಡಿಯೂತನಕ ಯಾರೂ ಎತ್ತೂ ಹಂಗಿಲ್ಲ. ಎತ್ತಿದರ ವರ್ಷಪೂರ್ತಿ ಕೈ ಕೆಲಸ ಹತ್ತೂದಿಲ್ಲ ಅಂತಾರ. "ಅವ್ವಾ, ಒಂದು ತಾಸು ತಡಿ, ಎಂಟ ರಿಬೀಟು" ಅನ್ನಬೇಕಂದೆ. ಮತ್ತ, ಒಂದು ದಿನದಾಗ ಏನಾಗ್ತೈತಿ, ದಿನ ತುಂಬಾಕ ಇನ್ನ ಹದಿನೈದು ದಿನ ಐತಿ ಅಂದುಕೊಂಡು ಸುಮ್ಮನಾದೆ. ಒಮ್ಮಿ ಸುಟ್ಟಕೊಂಡ ಕೈಗೂ ಬುದ್ಧಿ ಬರೂದಿಲ್ಲ ನೋಡ್ರಿ.

ಮಹಾನವಮಿ ಮುಂಜಾನಿ. ಅವ್ವ ಹತಾರಕ್ಕೆಲ್ಲಾ ವಿಭೂತಿ ಕುಂಕುಮ ಹಚ್ಚಿ, ಚೆಂಡಹೂವು ಏರಿಸಿ, ಕೈ ಮುಗಿದು ಇನ್ನ ಎದ್ದಿರಲಿಲ್ಲ. ಒಲಿ ಮುಂದಿದ್ದ ಹೆಂಡತಿ ತಟ್ಟಕ್ಕನ ಎದ್ದು ನಿಂತು ನನ್ನ ಕಡೆ ನೋಡಿ, "ರೀ, ಬ್ಯಾನಿ ಬಂತು. ಈಗ ಬಂತು. ಮೊದಲನೇದು" ಅಂದ್ಲು.

ಹಬ್ಬದ ದಿನ, ಮುಂಜಾನಿ ಬಸ್ಸಿನ ಖಾತ್ರಿ ಇಲ್ಲ. ವ್ಯಾನಿನ್ಯಾಗ ಆಕಿ ಮಲಗೂ ಜಾಗಾದಾಗ ಹೊಗಿ, ಧೂಳು ಒಳಗ ನುಗ್ಗೂವಂಥಾ ತೂತು. ಹಲಗಿ ಹಾಕಿದರ ಖಡಿ ರಸ್ತೆಯೊಳಗ ಜಾರಿಬಿಡ್ತೈತಿ. ಎಂಟು ರಿಬೀಟು ಬೇಕು, ಸುತ್ತಿಗಿ ದೇವರ ಮುಂದ ಐತಿ. ಅವ್ವ ಬ್ಯಾಡ ಅನ್ನಾಕೀನ, ಅಂದರ ಕೂಗಾಡಿ ಆದರೂ ಎತ್ತಾಂವನ ಅಂತ ನಾನು ಹಲ್ಲು ಕಚ್ಚಿ ಜಗಲಿ ಕಡೆ ನಡೆದೆ.

ನಾನು ಬಾಯಿ ತೆಗಿಯೂದರಾಗ ಅವ್ವ ಚೆಂಡಹೂವು ಸರಿಸಿ ಸುತ್ತಿಗಿ ಎತ್ತಿ ನನ್ನ ಕೈಯಾಗ ಇಟ್ಲು. "ಹೋಗೊ ತಮ್ಮಾ, ಬಡಿ. ದೇವರಿಗೆ ನಾ ಹೇಳ್ಕೊಂತೇನಿ" ಅಂದ್ಲು. ತಾನು ತೂಕ ಎತ್ತಿಕೊಂಡು, ಹಬ್ಬದ ಇಳಕಲ್ ಸೀರಿ ಕಚ್ಚಿ ಕಟ್ಟಿಕೊಂಡು ವ್ಯಾನು ಹತ್ತಿದ್ಲು. ಮೊಣಕಾಲು ಮಡಚಾಕ ಬರದ ಮುದುಕಿ, ಕಾಲು ಚಾಚಿ ಕುಂತು ರಿಬೀಟಿನ ಮ್ಯಾಲ ತೂಕ ಅದುಮಿದ್ಲು. ನಾನು ಕೆಳಗ ಹೊಕ್ಕು ಬಡಿದೆ. ಎಂಟೂ ಕೂತವು. ಗೋಣಿತಟ್ಟು, ಅದರ ಮ್ಯಾಲ ಕೌದಿ ಹಾಸಿ ಹೆಂಡತೀನ್ನ ಮಲಗಿಸಿದ್ವಿ. ಹ್ಯಾಂಡಲ್ ತಿರುವಿದೆ. ಓಣಿ ಮಂದಿ ಹೊರಗ ಬಂದು ನಿಂತಿದ್ರು. ಯಾರೂ ನಗಲಿಲ್ಲ. ಒಬ್ಬರು ಓಡಿಬಂದು ತುಂಬಿದ ನೀರಿನ ಚರಿಗಿ ಒಳಗ ಇಟ್ರು.

ಬಾಗೇವಾಡಿತನಕ ನಾನು ಹೆಂಗ ಹೊಡೆದೆ ಅನ್ನೂದು ನನಗ ಪೂರಾ ನೆನಪಿಲ್ಲ. ಹಿಂದಿನಿಂದ ಆಕಿ ನರಳೂದು, ಅವ್ವ "ಇಷ್ಟ ಯವ್ವಾ, ಬಂತು, ಬಂತು" ಅನ್ನೂದು ಕೇಳ್ತಿತ್ತು. ತಗಡು ಒಂದೂ ಅಲುಗಲಿಲ್ಲ. ಸರಕಾರಿ ದವಾಖಾನಿ ಬಾಗಲಕ್ಕ ಗಾಡಿ ಹಚ್ಚಿ ಇಳದಾಗ ನನ್ನ ಅಂಗಿ ತೊಯ್ದು ಮೈಗೆ ಅಂಟಿತ್ತು. ಮಧ್ಯಾಹ್ನದ ಹೊತ್ತಿಗೆ ನರ್ಸಬಾಯಿ ಹೊರಗ ಬಂದು, "ಹೆಣ್ಣು ರೀ. ಇಬ್ಬರೂ ಆರಾಮ ಅದಾರ. ಗರ್ಭದಾಗ ಅಡ್ಡ ಇತ್ತು, ಇನ್ನೊಂದು ತಾಸು ತಡಾ ಆಗಿದ್ರ ಕಠಿಣ ಇತ್ತು" ಅಂದ್ಲು.

ಮರುದಿನ ದಶಮಿ. ಸಂಜಿಕಿ ದವಾಖಾನಿಯೊಳಗೂ ಬನ್ನಿ ಬಂತು. ನರ್ಸಬಾಯಿ, ರೋಗಿಗಳು, ಅವರ ಮಂದಿ, ಎಲ್ಲರೂ ಒಬ್ಬರಿಗೊಬ್ಬರು ಎಲಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನಾಕತ್ತಿದ್ರು. ವರ್ಷದಾಗ ಏನ ಸಿಟ್ಟು ಸೆಡವು ಇದ್ದರೂ ಆವತ್ತ ಬಿಡಬೇಕು. ಅವ್ವ ಕೂಸಿಗೆ ಹಾಕಾಕ ಬೆಚ್ಚನ ಅರಬಿ ಹುಡಕಾಕ ಹೊರಗ ಹೋಗಿದ್ಲು. ಹೆಂಡತಿ ಮಲಗಿದ್ದಲ್ಲಿಂದನ ನನ್ನ ಕೈಯಾಗ ಎರಡು ಎಲಿ ಇಟ್ಲು. ಇಟ್ಟ ಕೈ ಹಿಂದಕ ತಗೀಲಿಲ್ಲ.

"ಒಂದು ಮಾತು ಐತ್ರಿ. ಸಿಟ್ಟಿಗೇಳಬ್ಯಾಡ್ರಿ."

"ಹೇಳು."

"ಆ ಕೂಸಿನ ಸಲ, ಬ್ಯಾನಿ ಮಧ್ಯಾಹ್ನಕ್ಕ ಬಂದಿದ್ದಲ್ರಿ. ಮುಂಜಾನಿ ರೊಟ್ಟಿ ಬಡಿಯೂ ಮುಂದನ ಸುರು ಆಗಿತ್ತು. ಮದಿವಿ ಅರಬಿ ಕೆಲಸ ಐತಿ, ಸಂಜಿತನಕ ತಡಕೊಂಡರಾತು ಅಂತ ಬಾಯಿ ಮುಚ್ಚಕೊಂಡೆ. ಅತ್ತಿಗೂ ಹೇಳಲಿಲ್ಲ. ಮುಂಜಾನಿ ಬಸ್ಸು ಮನಿ ಮುಂದನ ಹೋತು. ನಾ ಬಾಗಲದಾಗ ನಿಂತು ನೋಡಿದೆ."

ಸಿಟ್ಟು ಬಂತು. ಸುಳ್ಳು ಹೇಳೂದಿಲ್ಲ, ನೆತ್ತಿಗೇರಿತು. ಮೂರು ವರ್ಷ ನಾನೊಬ್ಬನ ಕೊಂದಾಂವ ಅಂದುಕೊಂಡು ಬದುಕಿದ್ದೆ.

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ನಿಮ್ಮ ಮಾರಿ ನೋಡಿದ್ರ ಎಲ್ಲಾ ನೀವ ಹೊತ್ತಕೊಂಡೀರಿ ಅಂತ ಗೊತ್ತಾಗ್ತಿತ್ತು. ಗಾಡಿ ಕೆಳಗ ಮಕ್ಕೊಂಡು ನೀವು ಬಡಿಯೂ ಒಂದೊಂದು ಪೆಟ್ಟೂ ನನಗ ಬೀಳ್ತಿತ್ತು."

"ಇವತ್ತ ಯಾಕ ಹೇಳಿದಿ?"

ಆಕಿ ಮಗ್ಗಲಾಗಿನ ಕೂಸಿನ ಕಡೆ ನೋಡಿದ್ಲು. "ನಿನ್ನಿ ಮೊದಲನೇ ಬ್ಯಾನಿಗೆ ಹೇಳಿಬಿಟ್ಟೆ ನೋಡ್ರಿ. ಹೇಳೂದು ಎಷ್ಟು ಹಗರ ಇತ್ತು ಅನ್ನೂದು ನಿನ್ನಿ ಗೊತ್ತಾತು. ಒಂದ ಮಾತು. ಅಷ್ಟ ಇತ್ರಿ."

ಬೈಯಾಕ ತೆಗೆದ ಬಾಯಿಯಿಂದ ಅಳು ಬಂತು. ಆಕೀನೂ ಅತ್ಲು. ಅಕ್ಕಪಕ್ಕದ ಕಾಟಿನವರು ಹೆಣ್ಣ ಹುಟ್ಟಿದ್ದಕ್ಕ ಅಳಾಕತ್ತಾರ ಅಂತ ತಿಳಕೊಂಡು, "ಲಕ್ಷ್ಮಿ ಬಂದಾಳ, ಅಳಬ್ಯಾಡ್ರಿ" ಅಂತ ಸಮಾಧಾನ ಮಾಡಿದ್ರು. ನಾವು ಅವರಿಗೆ ಏನೂ ಹೇಳಲಿಲ್ಲ. ಹೋದ ಕೂಸಿಗೆ ನಾವಿಬ್ಬರೂ ಕೂಡಿ ಅತ್ತದ್ದು ಅವತ್ತ ಮೊದಲು.