ಕೋಕಂ ಶರಬತ್ತಿನಲ್ಲಿ ಬರ್ಫದ ಕೈ

ಅಕ್ಕ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ದೀಪಾವಳಿ ಆಗಲಿಲ್ಲ, ಹ್ಯಾಲೋವೀನ್ ಆಯಿತು. ದುಮ್ಮವಾಡದಲ್ಲಿ ಈ ಮಾತು ತೆಗೆದರೆ ಜನ ಈಗಲೂ ನನ್ನ ಮುಖವನ್ನೇ ನೋಡುತ್ತಾರೆ. ನೋಡಲಿ, ನೋಡುವುದಕ್ಕೇನು ದುಡ್ಡು ಕೊಡಬೇಕೇ?

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಕಡಾಯಿ ಇಟ್ಟು ಏನನ್ನೂ ಕರಿಯುವಂತಿಲ್ಲ, ಹೂರಣ ರುಬ್ಬುವಂತಿಲ್ಲ. ಆಜೂಬಾಜೂ ಮನೆಯವರು ಕರ್ಚಿಕಾಯಿ, ಹೋಳಿಗೆ ತಂದುಕೊಟ್ಟು, ಏನು ಮಾತಾಡಬೇಕೋ ತಿಳಿಯದೆ ಬೇಗ ಎದ್ದು ಹೋಗುತ್ತಾರೆ. ಆ ಸಲವೂ ತಂದುಕೊಟ್ಟರು. ಒಂಬತ್ತು ವರ್ಷದ ಅಕ್ಕನ ಮಗಳು ಒಂದನ್ನೂ ಮುಟ್ಟಲಿಲ್ಲ. ಅವಳ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಮಹಾನವಮಿ ಅಮಾವಾಸ್ಯೆಗೆ ಓಣಿಯ ಮನೆಮನೆಯಲ್ಲೂ ತೀರಿಹೋದ ಹಿರಿಯರಿಗೆ ಎಡೆ ಇಟ್ಟಿದ್ದನ್ನು ಅವಳು ನೋಡಿಬಂದಿದ್ದಳು. ಪಕ್ಕದ ಮನೆಯ ಅಜ್ಜನಿಗೆ ಹೋಳಿಗೆಯ ಜೊತೆಗೆ ಅವನ ಬೀಡಿ ಕಟ್ಟನ್ನೂ ಇಟ್ಟಿದ್ದರಂತೆ.

“ಆಯಿ, ನಮ್ಮವ್ವಗ ಯಾಕ ಎಡಿ ಇಡ್ಲಿಲ್ಲ?” ಎಂದು ನನ್ನ ಅವ್ವನನ್ನು ಕೇಳಿದಳು.

“ವರ್ಷ ತುಂಬೂತನಕ ಆಕಿ ಹಿರ್ಯಾರಾಗ ಕೂಡೂದಿಲ್ಲ, ನನ್ನವ್ವ.”

“ಹಂಗಾರ ಈಗ ಎಲ್ಲಿ ಅದಾಳ?”

ಅವ್ವ ಸೊಪ್ಪು ಸೋಸುವುದನ್ನು ಮುಂದುವರಿಸಿದಳು. ನಾನು ವಿಜ್ಞಾನದ ಮಾಸ್ತರಿಣಿ, ಕಲಘಟಗಿಯಲ್ಲಿ ದಿನವಿಡೀ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿಯೇ ಸಂಬಳ ತಗೊಳ್ಳುವವಳು. ನಾನೂ ಒಂದು ಕಟ್ಟು ಸೊಪ್ಪು ಎಳೆದುಕೊಂಡು ಸೋಸತೊಡಗಿದೆ.

ಅದಾಗಿ ಕೆಲವು ದಿನಕ್ಕೆ ಅವಳು ಇಂಗ್ಲಿಷ್ ಶಾಲೆಯಿಂದ, ಅಕ್ಟೋಬರ್ ಕೊನೆಗೆ ಬರುವ ಹ್ಯಾಲೋವೀನಿನ ಕುಂಬಳಕಾಯಿಯ ಚಿತ್ರ ಬರೆದುಕೊಂಡು ಬಂದಳು. ಮನೆಯಲ್ಲಿ ದೆವ್ವದ ಪಾರ್ಟಿ ಮಾಡಬೇಕು, ಗೆಳತಿಯರನ್ನು ಕರೆಯಬೇಕು ಎಂದು ಹಟ. ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. ನಮ್ಮೂರಲ್ಲಿ ದೆವ್ವಗಳಿಗೇನು ಬರಗಾಲ ಬಂದಿದೆಯೇ, ಹೊರದೇಶದಿಂದ ತರಿಸುವುದಕ್ಕೆ, ಎಂದು ರೇಗಿದೆ. ಅವಳು ನನ್ನ ಸೆರಗು ಹಿಡಿದು ಎಳೆದು, ಕಿವಿಯಲ್ಲಿ ಹೇಳಿದಳು.

“ಚಿಗವ್ವ, ಅವತ್ತ ಸತ್ತಾರೆಲ್ಲ ಮನಿಗೆ ಬರ್ತಾರಂತ. ಅದಕ್ಕ ವರ್ಷ ತುಂಬಿರಬೇಕಂತ ಏನಿಲ್ಲಂತ.”

ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು. ಇನ್ನು ಬೇಡ ಎನ್ನುವ ಎದೆ ನನಗಿರಲಿಲ್ಲ. ಆದರೆ ಮನೆಯ ನೇಮವೆಲ್ಲ ಅವ್ವನ ಕೈಯಲ್ಲಿ. ಅವಳು ಬಹಳ ಹೊತ್ತು ಯೋಚನೆ ಮಾಡಿ ತೀರ್ಪು ಕೊಟ್ಟಳು. “ಅದು ನಮ್ಮ ಹಬ್ಬ ಅಲ್ಲಲ್ಲ. ನಮ್ಮದಲ್ಲದ್ದಕ್ಕ ನಮ್ಮ ನೇಮ ಯಾಕ? ಮಾಡ್ಲಿ ಬಿಡು. ಆದ್ರ ಕಡಾಯಿ ಇಡೂದು ಬ್ಯಾಡ, ಒಲಿ ಮ್ಯಾಲ ಏನೂ ಬ್ಯಾಡ. ಕುಡ್ಯಾಕ ಏನರ ಮಾಡ್ಕೊಳ್ರಿ.”

ಹೀಗಾಗಿ ನಮ್ಮದು ಬರೀ ಕುಡಿಯುವ ಪಾರ್ಟಿ. ಮೊಬೈಲಿನಲ್ಲಿ ಒಬ್ಬಾಕೆ ತೋರಿಸಿದ ಸಾಮಾನುಗಳಲ್ಲಿ ಅರ್ಧದ ಹೆಸರು ನಮ್ಮ ಅಂಗಡಿಕಾರನಿಗೆ ಗೊತ್ತಿರಲಿಲ್ಲ, ಉಳಿದರ್ಧದ್ದು ನನಗೂ ಗೊತ್ತಿರಲಿಲ್ಲ. ಇದ್ದುದರಲ್ಲೇ ಹೊಂದಿಸಿದೆವು. ಮಕ್ಕಳಿಗೆ ರಕ್ತವೆಂದು ಕೋಕಂ ಶರಬತ್ತು, ಬಣ್ಣ ಸಾಲದೆಂದು ಅದಕ್ಕೆ ಬೀಟ್‌ರೂಟ್ ಹಿಂಡಿದ್ದು. ಸಬ್ಜಾ ಬೀಜ ನೆನೆಹಾಕಿದರೆ ಅಗದಿ ಕಪ್ಪೆಯ ಮೊಟ್ಟೆಯ ಹಾಗೇ ಉಬ್ಬಿಕೊಂಡವು. ಬೇಕರಿಯ ಸಣ್ಣ ರಸಗುಲ್ಲಕ್ಕೆ ಒಂದೊಂದು ಲವಂಗ ಚುಚ್ಚಿದ್ದೇ ಅವು ಕಣ್ಣುಗಳಾಗಿ ನಮ್ಮನ್ನೇ ನೋಡತೊಡಗಿದವು. ದೊಡ್ಡವರಿಗೆ ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಹಾಕಿದ ಹಚ್ಚನೆಯ ಮಜ್ಜಿಗೆ. ಅದಕ್ಕೆ ಅಕ್ಕನ ಮಗಳು ಇಟ್ಟ ಹೆಸರು ದೆವ್ವದ ಮಜ್ಜಿಗಿ. ಮೆಣಸಿನಕಾಯಿ ಇನ್ನೂ ಹಾಕು, ಇನ್ನೂ ಹಾಕು ಎಂದು ಅವಳು ನಗುತ್ತಿದ್ದಳು. ಅಕ್ಕ ಹೋದ ಮೇಲೆ ಆ ಅಡುಗೆಮನೆಯಲ್ಲಿ ಯಾರಾದರೂ ನಕ್ಕಿದ್ದು ಅವತ್ತೇ ಮೊದಲು.

ಆಮೇಲೆ ಅವಳು ಕಪಾಟಿನ ಮೇಲಿಂದ ಗ್ಲೌಸ್ ಡಬ್ಬಿ ಇಳಿಸಿದಳು. ಮೊಬೈಲಿನ ಹೆಂಗಸು ಗ್ಲೌಸಿನಲ್ಲಿ ನೀರು ತುಂಬಿ, ಬರ್ಫ ಮಾಡಿ, ಆ ಕೈಯನ್ನು ಪಾತ್ರೆಯಲ್ಲಿ ತೇಲಿಬಿಟ್ಟಿದ್ದಳು. ಅಕ್ಕ ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ ಅವಳ ಬೆನ್ನಿನ ಹುಣ್ಣು ತೊಳೆಯಲೆಂದು ನಾನೇ ತಂದಿದ್ದ ಡಬ್ಬಿ ಅದು. ಒಂದಿಷ್ಟು ಉಳಿದಿದ್ದವು. ಎಸೆಯಲು ಕೈ ಬಂದಿರಲಿಲ್ಲ. ಈಗ ಕಿತ್ತುಕೊಳ್ಳಲೂ ಕೈ ಬರಲಿಲ್ಲ. ಒಂದನ್ನು ತೊಳೆದು, ಕುಡಿಯುವ ನೀರು ತುಂಬಿ, ಬಾಯಿಗೆ ದಾರ ಕಟ್ಟಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಕತ್ತರಿಯಿಂದ ಬಿಡಿಸುವಾಗ ಕಿರುಬೆರಳು ಮುರಿದು ಕೆಳಗೆ ಬಿತ್ತು. ಅವಳು ಅದನ್ನು ಎತ್ತಿ ಹಚ್ಚಿ ಹಚ್ಚಿ ನೋಡಿದಳು. ಹತ್ತಲಿಲ್ಲ.

ಸಂಜೆ ಶಾಲೆಯ ಗೆಳತಿಯರು ಮುಖಕ್ಕೆ ಕಾಡಿಗೆ ಬಳಿದುಕೊಂಡು ಬಂದರು. ಓಣಿಯ ಹೆಂಗಸರು ನೋಡುವುದಕ್ಕೆಂದು ಬಂದವರು, ಮಜ್ಜಿಗೆಗೆ ಕೂತರು. ಹುಬ್ಬಳ್ಳಿಯ ಕಾರ್ಖಾನೆಯಿಂದ ಅಕ್ಕನ ಗಂಡ ರಜೆ ಹಾಕಿ ಬಂದಿದ್ದ. ಸ್ಟೀಲ್ ಪಾತ್ರೆಯ ಕೆಂಪು ಶರಬತ್ತಿನಲ್ಲಿ ಬಿಳಿಯ ಕೈ ತೇಲುವುದನ್ನು ನೋಡಿ ಮಕ್ಕಳು ಕಿರುಚಿದರು, ಕಿರುಚಿ ಮತ್ತೆ ಗ್ಲಾಸ್ ಒಡ್ಡಿದರು. ಅಕ್ಕನ ಗಂಡ ಮಜ್ಜಿಗೆ ಕುಡಿಯುತ್ತ ಆ ಕೈಯನ್ನೇ ನೋಡುತ್ತಿದ್ದ. ಒಂದು ಗ್ಲಾಸ್ ಮುಗಿಸಿ ಇನ್ನೊಂದು ಕೇಳಿದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

“ಖಾರ ಭಾಳ ಆಗೇತ್ರಿ ಮಾಮಾ, ಬಿಡ್ರಿ,” ಎಂದೆ.

“ಇರ್ಲಿ, ಹಾಕು. ಚೊಲೋ ಆಗೇತಿ.”

ಹಾಕಿದೆ. ಅಳುವುದಕ್ಕೂ ಗಂಡಸರಿಗೆ ಮೆಣಸಿನಕಾಯಿಯ ನೆವ ಬೇಕು.

ಮಕ್ಕಳು ಮನೆಗೆ ಹೋದ ಮೇಲೆ ನೋಡಿದರೆ ಪಾತ್ರೆಯಲ್ಲಿ ಕೈ ಇರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಅಕ್ಕನ ಮಗಳು ಕೂತಿದ್ದಳು. ಬರ್ಫದ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಿದ್ದಳು. ಬೆರಳುಗಳು ಸವೆದು ಮೊಂಡಾಗಿದ್ದವು, ಕೆಂಪು ನೀರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

“ಬಿಡು ತಂಗಿ, ಕೈ ಜೋಮು ಹಿಡೀತೈತಿ.”

ಅವಳು ಬಿಡಲಿಲ್ಲ. “ಚಿಗವ್ವ, ಅವತ್ತ ಅವ್ವನ ಕೈ ಹಿಂಗ ತಣ್ಣಗಿತ್ತೇನ?”

ತೀರಿಕೊಂಡ ದಿನ, ನಮ್ಮ ಪದ್ಧತಿಯಂತೆ ಅಕ್ಕನನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿದಾಗ ಮಗು ಹೆದರೀತೆಂದು ಹಿರಿಯರು ಅವಳನ್ನು ಬಾಜೂ ಮನೆಯಲ್ಲಿ ಕೂಡಿಸಿದ್ದರು. ಎಲ್ಲರೂ ಮುಟ್ಟಿ ನಮಸ್ಕಾರ ಮಾಡಿದ ಆ ಕೈಯನ್ನು ಮುಟ್ಟದೇ ಉಳಿದವಳು ಇವಳೊಬ್ಬಳೇ.

“ಇಷ್ಟ ತಣ್ಣಗಿರಲಿಲ್ಲ,” ಎಂದೆ. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವಳು ಅಳಲಿಲ್ಲ. ನನ್ನ ಅಳು ಮುಗಿಯಲೆಂದು ಕಾಯುತ್ತಿರುವವಳ ಹಾಗೆ ಸುಮ್ಮನೆ ಕೂತಿದ್ದಳು.

ಅವ್ವ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ ಗೊತ್ತಿಲ್ಲ. ಒಳಗೆ ಹೋಗಿ ಒಂದು ಗ್ಲಾಸಿಗೆ ಅರ್ಧ ಶರಬತ್ತು ಹಾಕಿ ತಂದು ಮೊಮ್ಮಗಳ ಮುಂದೆ ಹಿಡಿದಳು. “ತಾ, ಇದರಾಗ ಹಾಕು. ನಿಮ್ಮವ್ವಗ ಇಡೂಣು.” ಅಂಗೈಯಷ್ಟೇ ಉಳಿದಿದ್ದ ಬರ್ಫ ಗ್ಲಾಸಿನ ಬಾಯಿಗೆ ಸಿಕ್ಕಿಕೊಂಡಿತು, ಒಳಗೆ ಇಳಿಯಲಿಲ್ಲ. ಅವ್ವ ಅದನ್ನು ಹಾಗೇ ಒಯ್ದು ದೇವರ ಮನೆಯ ಜಗಲಿಯ ಮೇಲೆ, ದೇವರ ಬಾಜೂಗೆ ಇಟ್ಟಳು.

“ವರ್ಷ ತುಂಬಿಲ್ಲಲ್ಲ, ಆಯಿ?”

“ಇದು ನಮ್ಮ ಹಬ್ಬ ಅಲ್ಲಲ್ಲ,” ಎಂದಳು ಅವ್ವ. ನೇಮದ ವಿಷಯದಲ್ಲಿ ಸ್ವಂತ ಮಗಳ ಸಲುವಾಗಿಯೂ ಸಡಿಲ ಬಿಡದ ಹೆಂಗಸು ಆ ಒಂದು ಸಂದಿಯನ್ನು ಹುಡುಕಿಕೊಂಡಿದ್ದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವಳು ಅಕ್ಕನ ಮಗಳು. ನಾನು ಹೋಗುವಷ್ಟರಲ್ಲಿ ಜಗಲಿಯ ಮುಂದೆ ನಿಂತು ಗ್ಲಾಸನ್ನು ಬಗ್ಗಿ ನೋಡುತ್ತಿದ್ದಳು. ಬರ್ಫವೆಲ್ಲ ಕರಗಿ, ಅರ್ಧವಿದ್ದ ಗ್ಲಾಸು ತುಂಬಿತ್ತು.

“ಅವ್ವ ಒಂದ್ ಗುಟುಕೂ ಕುಡ್ದಿಲ್ಲ ಚಿಗವ್ವ,” ಎಂದಳು. “ಇನ್ನಷ್ಟ ಹೆಚ್ಚಾಗೇತಿ ನೋಡು.”

ಬರ್ಫ ಕರಗಿದರೆ ನೀರಾಗುತ್ತದೆ ಎಂದು ವರ್ಷ ವರ್ಷವೂ ಪಾಠ ಮಾಡುವವಳು ನಾನು. ಅವತ್ತು ನಾನೂ ಅವಳ ಪಕ್ಕ ಬಗ್ಗಿ ಗ್ಲಾಸು ನೋಡಿದೆ. ಅವಳು ಜಗಲಿಯಿಂದ ಗ್ಲಾಸನ್ನು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಇಳಿಸಿದಳು, ನನ್ನ ಮುಂದೆ ಹಿಡಿದಳು.

“ನೀನರ ಕುಡಿ.”

ಕುಡಿದೆ.