ಸಾಣೆ ಹಿಡಿದ ಕಂಚಿನ ಕತ್ತಿ

ಮೂವತ್ತರ ದಶಕದ ಮಾತು. ಕೊಪ್ಪದ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ನಾಲೆ ನೀರಿನ ಜೊತೆ ಊರಿಗೆ ಚಳಿಜ್ವರವೂ ಬಂದಿತ್ತು. ಪಾಠ ಹೇಳಿ, ಊರವರ ಅರ್ಜಿ ಬರೆದು, ಮೂರು ದಿನಕ್ಕೊಮ್ಮೆ ನಡುಗಿ ಸಾಕುಸಾಕಾಗಿ ಹೋಗಿತ್ತು. ಅಂಥದ್ದರಲ್ಲಿ ಗೌಡರ ಮನೆಯ ವಿಧವೆಯೊಬ್ಬಳು ಹಸಿರುಗಟ್ಟಿದ ಕತ್ತಿಯೊಂದನ್ನು ತಂದು ಮುಂದಿಟ್ಟಳು. ಆಕೆಯ ಗಂಡ ಹದಿನಾಲ್ಕನೇ ಇಸವಿಯ ದೊಡ್ಡ ಯುದ್ಧದಲ್ಲಿ ದಂಡಿನ ಹೇಸರಗತ್ತೆ ನೋಡಿಕೊಳ್ಳಲು ಬಸ್ರಾದ ಕಡೆಗೆ ಹೋಗಿದ್ದವನು. ಅಲ್ಲಿ ಮಣ್ಣು ಅಗೆಯುವಾಗ ಸಿಕ್ಕಿತಂತೆ. ಊರಿಗೆ ಬಂದ ಎರಡೇ ವರ್ಷಕ್ಕೆ ತೀರಿಕೊಂಡ. ಮಕ್ಕಳಿರಲಿಲ್ಲ.

“ಇಂತಾವ್ನ ಬೆಂಗ್ಳೂರಲ್ಲಿ ಗಾಜಿನ ಪೆಟ್ಗೇಲಿ ಇಡ್ತಾರಂತಲ್ಲ ಮೇಷ್ಟ್ರೇ, ಅಲ್ಲಿ ಅವರ ಎಸ್ರು ಬರ್ಸಿ. ಇನ್ನೆಲ್ಲೂ ಉಳ್ದಿಲ್ಲ,” ಎಂದಳು.

ಅಲಗಿನ ಮೇಲೆ ಕಾಗೆ ಕಾಲಿನಂಥ ಗೀಟುಗಳಿದ್ದವು. ಐದಾರನ್ನು ನಕಲು ಮಾಡಿ ವಸ್ತುಸಂಗ್ರಹಾಲಯಕ್ಕೆ ಕಾಗದ ಬರೆದೆ. ಉತ್ತರ ಬರುತ್ತದೆಂದು ನಾನೇ ನಂಬಿರಲಿಲ್ಲ. ಬಂತು. ಇದು ಹಿಂದೆ ಆ ಸೀಮೆಯನ್ನು ಆಳಿದ ಅಸ್ಸೀರಿಯಾ ದೇಶದವರ ಬರಹದಂತಿದೆ, ಎರಡೂವರೆ ಸಾವಿರ ವರ್ಷ ಹಳೆಯದಿರಬಹುದು, ಬರಹ ಚೆನ್ನಾಗಿದ್ದರೆ ತಂದವನ ಹೆಸರು ಹಾಕಿ ಗಾಜಿನೊಳಗಿಡುತ್ತೇವೆ, ಆಯುಧಪೂಜೆ ಕಳೆದು ಬಂದು ನೋಡುತ್ತೇವೆ ಎಂದಿತ್ತು.

ಆಕೆಗೆ ಓದಿ ಹೇಳಿದೆ; ಬರಹವೆಂದರೆ ಆ ಗೀಟುಗಳೇ ಎಂದು ಬಿಡಿಸಿ ಹೇಳಲಿಲ್ಲ. ಅವೊತ್ತು ನನ್ನ ಜ್ವರದ ಸರದಿ. ಬೇಗ ಕಳಿಸಿದರೆ ಸಾಕೆಂದು, “ದೊಡ್ಡವರು ಬರ್ತಾರೆ, ಸ್ವಲ್ಪ ಚೊಕ್ಕಟ ಮಾಡಿಡಮ್ಮ,” ಎಂದುಬಿಟ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತೋ!

ಆಯುಧಪೂಜೆಗೆ ಮುಂಚೆ ಊರಿನ ಕುಡುಗೋಲು, ಮಚ್ಚು ಎಲ್ಲ ಕುಲುಮೆಗೆ ಹೋಗುತ್ತವೆ. ಅವುಗಳ ಜೊತೆ ಇದೂ ಹೋಯಿತು. ಅಲಗಿಗೆಲ್ಲ ಸಾಣೆ ಹಿಡಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಕುಂಕುಮವಿಟ್ಟು ಪೂಜೆ ಮಾಡಿದ್ದಳು. ಅಧಿಕಾರಿ ಬಂದಾಗ ಬಾಳೆಲೆಯ ಮೇಲಿಟ್ಟು ತಂದಳು. ಒಂದು ಗೀಟೂ ಉಳಿದಿರಲಿಲ್ಲ.

“ಎಂಗ್ ಒಳೀತದೆ ನೋಡಿ ಸ್ವಾಮಿ!” ಎಂದಳು.

ಅಧಿಕಾರಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಆಕೆಗೆ ಕೇಳದ ಹಾಗೆ, “ಇದು ಇನ್ನು ಉಗ್ರಾಣಕ್ಕೇ ರೀ, ಹೆಸರುಗಿಸರು ಏನೂ ಇಲ್ಲ,” ಎಂದು ಹೇಳಿ, ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮದ್ದೂರಿನ ಗಾಡಿ ಹತ್ತಿದರು. ತಪ್ಪು ನನ್ನದೆಂದು ಆಕೆಗೆ ಹೇಳಬೇಕಿತ್ತು. ಧೈರ್ಯವಿರಲಿಲ್ಲ, ಹೇಳಿ ಸಮಾಧಾನ ಮಾಡುವಷ್ಟು ತ್ರಾಣವೂ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನನಗೆ ಮಳವಳ್ಳಿಗೆ ವರ್ಗವಾಯಿತು. ಹೊರಡುವ ದಿನ ಆಕೆ ಬಂದಳು.

“ಎಸ್ರು ಬರ್ದವ್ರಾ ಮೇಷ್ಟ್ರೇ?”

“ಬರೆದಿದ್ದಾರಮ್ಮ.”

“ಏನಂತ ಬರ್ದವ್ರೋ ಅಂಗೇ ಒಂದು ಚೀಟೀಲಿ ಬರ್ಕೊಡಿ. ದೇವ್ರ ಗೂಡಲ್ಲಿ ಮಡೀಕತೀನಿ.”

ಕಟ್ಟಿದ ಗಂಟು ಬಿಚ್ಚಿ ಮಸಿ ತೆಗೆದೆ. ಆಕೆಯ ಗಂಡನ ಹೆಸರು, ಊರು, ಕತ್ತಿ ತಂದ ಸಂಗತಿ ಎಲ್ಲ ಗುಂಡಗೆ ಬರೆದುಕೊಟ್ಟೆ. ಓದು ಬಾರದ ಆಕೆ ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಬಗ್ಗಿ ನನ್ನ ಕಾಲು ಮುಟ್ಟಿದಳು. ನಾಚಿಕೆಯಿಂದ ಸತ್ತೇಹೋದೆ. ಆದರೂ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.